ಕುಡಿತ ಬಿಟ್ಟು ಬಂದವರ ಮನೆಗೂ ನಮ್ಮನ್ನು ಕಳಿಸಿ: ಆರೋಗ್ಯ ಸಚಿವರಿಗೆ ಒಬ್ಬ ಆಶಾ ಕಾರ್ಯಕರ್ತೆಯ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಸರ್, ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹದಿಮೂರು ವರ್ಷದಿಂದ ಆಶಾ ಕೆಲಸ ಮಾಡುತ್ತಿದ್ದೇನೆ. ಹೆಸರು, ಊರು ಹಾಕಿಲ್ಲ. ಅದಕ್ಕೆ ಹೆದರಿಕೆ ಕಾರಣ ಅಲ್ಲ. ಈ ಪತ್ರದಲ್ಲಿ ನಮ್ಮ ಮನೆಯವರ ವಿಷಯ ಇದೆ, ಹೈಸ್ಕೂಲಿಗೆ ಹೋಗುವ ನನ್ನ ಮಗಳ ವಿಷಯವೂ ಇದೆ. ಬರೆಯಲಾ ಎಂದು ನಮ್ಮ ಮನೆಯವರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ, ಆದ್ರೆ ಊರ ಹೆಸರು ಬ್ಯಾಡ" ಅಂದರು.

ಮೂವತ್ತು ದಾಟಿದವರ ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಗೆ ಮೊದಲು ನಾವು ಮನೆ ಮನೆಗೆ ಹೋಗಿ ಸಿ-ಬ್ಯಾಕ್ ಅನ್ನುವ ಫಾರಂ ತುಂಬುತ್ತೇವೆ. ನಿಮಗೆ ಗೊತ್ತಿರುತ್ತದೆ. ಅದರಲ್ಲಿ "ದಿನಾ ಮದ್ಯ ಕುಡಿಯುತ್ತೀರಾ?" ಎಂಬ ಒಂದು ಪ್ರಶ್ನೆ ಇದೆ. ಇಲ್ಲ ಅಂದರೆ ಸೊನ್ನೆ, ಹೌದು ಅಂದರೆ ಒಂದು ಅಂಕ. ಒಟ್ಟು ಅಂಕ ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸುತ್ತೇವೆ. ಆದರೆ ಕುಡಿತಕ್ಕೆ ಅಂತ ಎಲ್ಲಿಗೂ ಕಳಿಸುವುದಿಲ್ಲ. ಗಂಡ ಹೊರಗೆ ಹೋಗಿದ್ದಾಗ ಹೆಂಡತಿಯನ್ನು ಕೇಳಿದರೆ ಆ ಪ್ರಶ್ನೆ ಬಂದಾಗ ಅವಳು ಒಮ್ಮೆ ಬಾಗಿಲ ಕಡೆ ನೋಡುತ್ತಾಳೆ. ದನಿ ತಗ್ಗಿಸಿ "ಹಾಕ್ಕೊಳಕ್ಕ" ಅನ್ನುತ್ತಾಳೆ. ನಾನು ಒಂದು ಅಂತ ಬರೆದುಕೊಳ್ಳುತ್ತೇನೆ. ಮುಂದಿನ ಪ್ರಶ್ನೆ ಸೊಂಟದ ಅಳತೆ. ಟೇಪು ತೆಗೆಯುತ್ತೇನೆ.

ನಮ್ಮ ಮನೆಯ ಫಾರಂ ತುಂಬುವಾಗಲೂ ಹೀಗೇ ಒಂದು ಬರೆದು ಟೇಪು ತೆಗೆದೆ.

ನಮ್ಮದು ತೆಂಗಿನ ಸೀಮೆ. ನಮ್ಮ ಮನೆಯವರದು ಕಾಯಿ ಸುಲಿಯುವ ಕೆಲಸ. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ಕಾಯಿ ಕುಕ್ಕಿ, ತಿರುವಿ ಸಿಪ್ಪೆ ಬಿಡಿಸಬೇಕು. ದಿನಕ್ಕೆ ಸಾವಿರ ಕಾಯಿಯ ಮೇಲೆ ಸುಲಿಯುತ್ತಿದ್ದವರು. ಮೈ ಕೈ ನೋವಿಗೆ ಅಂತ ಸಂಜೆ ಒಂದು ಪ್ಯಾಕೆಟ್‌ನಿಂದ ಶುರುವಾಯಿತು. ಕೂಲಿ ಬಟವಾಡೆ ಆಗುತ್ತಿದ್ದದ್ದು ವೈನ್ ಸ್ಟೋರ್ ಎದುರಿಗೆ. ಆಮೇಲೆ ಬೆಳಿಗ್ಗೆಯೂ ಬೇಕಾಯಿತು, ಕುಡಿಯದಿದ್ದರೆ ಟೀ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಎರಡು ಕೈಯಲ್ಲಿ ಲೋಟ ಹಿಡಿದು, ತಲೆ ಬಗ್ಗಿಸಿ, ಲೋಟದ ಹತ್ತಿರಕ್ಕೇ ಬಾಯಿ ತಂದು ಕುಡಿಯುತ್ತಿದ್ದರು. ಆ ಕೈಯಲ್ಲಿ ಚೂಪು ಕಬ್ಬಿಣದ ಮುಂದೆ ನಿಲ್ಲುವವರನ್ನು ನೆನೆಸಿಕೊಂಡು ನಾನು ಲಸಿಕೆ ದಿನ ಮಕ್ಕಳ ಕಾರ್ಡು ಬರೆಯುತ್ತಾ ಕೂತಿರುತ್ತಿದ್ದೆ.

ಸರ್, ನಾನು ಆರೋಗ್ಯ ಇಲಾಖೆಯವಳು. ಆಗ ನನಗೇ ಗೊತ್ತಿರದಿದ್ದ ಒಂದು ವಿಷಯ ಹೇಳುತ್ತೇನೆ. ಮನೆದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿ, ಒಂದೇ ದಿನಕ್ಕೆ ಕುಡಿತ ನಿಲ್ಲಿಸಿದೆವು. ಬೈಕಿನ ಕೀಲಿ ಕಿತ್ತುಕೊಂಡು ಮನೆಯಲ್ಲೇ ಕೂರಿಸಿದೆವು. ಮಾರನೇ ದಿನ ಬೆವರು, ನಡುಕ. ಅದರ ಮಾರನೇ ದಿನ ಗೋಡೆ ಮೇಲೆ ಇರುವೆ ಸಾಲು ಇದೆ ಅಂತ ಕೈಯಿಂದ ಒರೆಸುತ್ತಲೇ ಇದ್ದರು. ಗೋಡೆ ಮೇಲೆ ಏನೂ ಇರಲಿಲ್ಲ. ರಾತ್ರಿ ಫಿಟ್ಸ್ ಬಂತು. ನಾಲಿಗೆ ಕಚ್ಚಿಕೊಂಡು ಬಾಯಿತುಂಬಾ ರಕ್ತ. ಹತ್ತಾರು ವರ್ಷ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಆರೇಳು ಗಂಟೆಯಲ್ಲಿ ನಡುಕ ಶುರುವಾಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡನೇ ಮೂರನೇ ದಿನ ಬುದ್ಧಿ ಭ್ರಮೆ ಆಗಿ ಪ್ರಾಣವೇ ಹೋಗಬಹುದು, ಇದಕ್ಕೆ ಮಾತ್ರೆ ಇದೆ, ಬಿ1 ವಿಟಮಿನ್ ಕೊಡಲೇಬೇಕು, ಬಿ1 ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು: ಇದನ್ನೆಲ್ಲ ನಾನು ಕಲಿತದ್ದು ಆ ರಾತ್ರಿ ಆದಮೇಲೆ. ಗರ್ಭಿಣಿಗೆ ಅಪಾಯದ ಲಕ್ಷಣ ಯಾವುವು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಇದನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ನಮ್ಮಂಥ ಹೆಂಗಸರಿಗೆ ಕಣ್ಣಿಗೆ ಬೀಳುವುದು ಗೋಡೆ ಬರಹ. "ಕುಡಿಯುವವರಿಗೆ ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ." ನಮ್ಮ ಬಸ್ ಸ್ಟ್ಯಾಂಡಿನ ಕಾಂಪೌಂಡ್ ಮೇಲೂ ಇದೆ. ನನ್ನ ವ್ಯಾಪ್ತಿಯ ಒಬ್ಬ ತಾಯಿ ಮಗನ ಸಾರಿಗೆ ಅಂಥ ಪುಡಿ ಬೆರೆಸಿದರು. ಅವನು ಕುಡಿದು ಬಂದು ಊಟ ಮಾಡಿದ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಮಾಡಿ ನಡುಮನೆಯಲ್ಲಿ ಬಿದ್ದ. ಆ ಪುಡಿಯಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ. ಡೈಸಲ್ಫಿರಾಂ ಅನ್ನುವ ಔಷಧಿ ಇದೆ. ಅದರ ಮೇಲೆ ಕುಡಿದರೆ ಹೀಗೇ ಆಗುತ್ತದೆ. ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆ ಡಾಕ್ಟರು ಕೊಡಬೇಕಾದ ಔಷಧಿ ಅದು. ಆ ತಾಯಿ ನನ್ನ ಹತ್ತಿರ ಅಳುತ್ತಾ, "ವಿಷ ಹಾಕಿಬಿಟ್ಟೆ ಅಂತ ಮಗ ನನ್ನ ಕೈಯಲ್ಲಿ ಊಟಾನೇ ಮಾಡ್ತಿಲ್ಲ" ಅಂದರು. ಈ ಗೋಡೆ ಬರಹ ಅಳಿಸಲು ಎಷ್ಟು ಖರ್ಚಾಗುತ್ತದೆ ಸರ್?

ಆಮೇಲೆ ನಾವು ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದೆವು. ಮೂರು ತಿಂಗಳಿಗೆ 45 ಸಾವಿರ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದೆ. ಮೊದಲ ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ. ಡಾಕ್ಟರು ಯಾವಾಗ ಬರುತ್ತಾರೆ ಅಂತ ಕೇಳಿದರೆ "ಬರ್ತಾರೆ" ಅನ್ನುವ ಉತ್ತರ. ಹೊರಗೆ ಬಂದಾಗ ಕುಡಿತ ಬಿಟ್ಟಿದ್ದರು, ನಿಜ. ಆದರೆ ಯಾರಾದರೂ ಹಿಂದಿನಿಂದ ಬಂದರೆ ಬೆಚ್ಚಿ ಬೀಳುತ್ತಿದ್ದರು. ಬೆನ್ನಿನ ಮೇಲೆ ಏನು ಗುರುತು ಅಂತ ನಾನು ಕೇಳಿದೆ, ಅವರು ಹೇಳಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳು ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು, ಅಲ್ಲಿದ್ದವರಿಗೆ ಹಿಂಸೆ ಇಲ್ಲದೆ ಇರುವ ಹಕ್ಕಿದೆ, ಮನೆಯವರ ಜೊತೆ ಮಾತಾಡುವ ಹಕ್ಕಿದೆ ಅಂತ ನನಗೆ ತಿಳಿದದ್ದು ದುಡ್ಡು ಕಟ್ಟಿ ಮುಗಿದ ಮೇಲೆ.

ಆದರೂ ನನ್ನ ದೊಡ್ಡ ದೂರು ಆ ಕೇಂದ್ರದ ಬಗ್ಗೆ ಅಲ್ಲ. ಅಲ್ಲಿಂದ ಬಂದ ಮೇಲಿನ ದಿನಗಳ ಬಗ್ಗೆ.

ಅವರು ಬಸ್ಸಿಳಿದ ದಿನ ಅರಳಿಕಟ್ಟೆ ಮೇಲೆ ಕೂತಿದ್ದವರು "ಎಷ್ಟ್ ದಿನ ನೋಡನ" ಅಂದರು. ಕೆಲಸಕ್ಕೆ ಕರೆಯಲು ಮೇಸ್ತ್ರಿ ಬರಲಿಲ್ಲ. ಹಳೆ ಗೆಳೆಯರು ಮಾತ್ರ ಬಂದರು, ಅವರಿಗೆ ಒಂದೇ ಜಾಗ ಗೊತ್ತಿರುವುದು. ಬೆಳಿಗ್ಗೆ ಹೇಗೋ ಕಳೆಯುತ್ತಿತ್ತು. ಸಂಜೆ ಆರರಿಂದ ಎಂಟರವರೆಗೆ ಜೀವ ಹಿಂಡುತ್ತಿತ್ತು. ಹಟ್ಟಿಯಲ್ಲಿ ದನ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದರು. ಅವರ ಚಿಕ್ಕಪ್ಪ ತೀರಿಕೊಂಡರು. ಮಣ್ಣು ಮಾಡಿ ಬಂದವರಿಗೆ ಮದ್ಯ ಹಂಚುವುದು ನಮ್ಮ ಕಡೆ ಪದ್ಧತಿ. ಗುಂಡಿ ತೋಡಿದವರಿಗಂತೂ ಕೊಡಲೇಬೇಕು. ಇವರೂ ತೋಡಿದ್ದರು. ಯಾರೋ ಕೈಗೆ ಕೊಟ್ಟರು. ಕುಡಿತ ಬಿಟ್ಟು 71 ದಿನ ಆಗಿತ್ತು.

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಅಪ್ಪ ಮನೆಗೆ ಬಂದ ತಕ್ಷಣ ಓಡಿಹೋಗಿ ಕೊರಳಿಗೆ ಜೋತುಬೀಳುತ್ತಿದ್ದಳು. ಅಪ್ಪನ ಮೇಲೆ ಎಷ್ಟು ಪ್ರೀತಿ ಅಂತ ನೋಡಿದವರು ಅನ್ನುತ್ತಿದ್ದರು. ಅವಳು ವಾಸನೆ ನೋಡುತ್ತಿದ್ದಳು ಸರ್. ವಾಸನೆ ಇಲ್ಲದಿದ್ದರೆ ಅಲ್ಲೇ ಆಟ ಆಡುತ್ತಿದ್ದಳು. ಇದ್ದರೆ ನನ್ನ ಕಡೆ ಒಂದು ಸಲ ನೋಡಿ ಸ್ಕೂಲ್ ಬ್ಯಾಗು ತಗೊಂಡು ಪಕ್ಕದ ಅಜ್ಜಿ ಮನೆಗೆ ಹೋಗುತ್ತಿದ್ದಳು. ಚಿಕಿತ್ಸೆ ಅಂದರೆ ಕುಡಿಯುವವನಿಗೆ ಮಾತ್ರ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಈ ಮಗುವಿನ ಹತ್ತಿರ ಕೂತು ಮಾತಾಡುವವರು ಯಾರು? ನಾನು ಮೂರು ವರ್ಷ ಸರಿಯಾಗಿ ನಿದ್ದೆ ಮಾಡಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ಊರಿಗೆಲ್ಲ ಆರೋಗ್ಯ ಹೇಳುವವಳ ಮನೆಯಲ್ಲೇ ಹೀಗೆ ಅನ್ನುತ್ತಾರೆ ಅಂತ.

ಎರಡನೇ ಸಲ ದಾರಿ ಬೇರೆ ಆಯಿತು. ಒಂದು ರಾತ್ರಿ ಹನ್ನೊಂದೂವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. 14416. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಗೋಡೆ ಮೇಲೆ ಅದರ ಪೋಸ್ಟರ್ ಅಂಟಿಸಿದವಳು ನಾನೇ, ನನಗಾಗಿ ಬೇಕಾಗುತ್ತದೆ ಅಂದುಕೊಂಡಿರಲಿಲ್ಲ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದಳು. ಮೊದಲು ಕೇಳಿದ್ದು, "ನೀವು ಊಟ ಮಾಡಿದ್ರಾ ಅಕ್ಕ?" ಆಮೇಲೆ ಅವಳು ಹೇಳಿದಂತೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ಮಂಗಳವಾರ ನೋಡಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆವು. ಡಾಕ್ಟರು ಒಳ್ಳೆಯವರು. ಈ ಸಲ ಮಾತ್ರೆ ಕೊಟ್ಟು, ಹಂತ ಹಂತವಾಗಿ, ಫಿಟ್ಸ್ ಬರದಂತೆ ನಿಲ್ಲಿಸಿದರು. ಕುಡಿಯುವ ಆಸೆ ಕಡಿಮೆ ಮಾಡುವ ಮಾತ್ರೆ ಇದೆ ಅಂತಲೂ ಬರೆದುಕೊಟ್ಟರು, ನಾಲ್ಟ್ರೆಕ್ಸೋನ್ ಅಂತ. ಅದು ಅಲ್ಲಿ ಇರಲಿಲ್ಲ, ಹೊರಗೆ ತಗೊಂಡೆವು. ಆದರೆ ಒಬ್ಬ ಡಾಕ್ಟರು, ಒಂದು ಬೆಳಿಗ್ಗೆ, ಬಾಗಿಲ ಹೊರಗೆ ಉದ್ದನೆ ಸಾಲು. ನಮಗೆ ಸಿಕ್ಕಿದ್ದು ಆರು ನಿಮಿಷ. ಇನ್ನೊಂದು ಸಣ್ಣ ಮಾತು: ಶಕ್ತಿ ಯೋಜನೆಯಿಂದ ನನಗೆ ಬಸ್ಸು ಫ್ರೀ. ಕೆಲಸ ಇಲ್ಲದ ನಮ್ಮ ಮನೆಯವರಿಗೆ ಟಿಕೆಟ್ಟು. ಒಂದು ದಿನದ ಕೂಲಿ ಹೋಗಿ, ಟಿಕೆಟ್ಟಿಗೂ ಹೋದರೆ ಎಷ್ಟು ಜನ ಮತ್ತೆ ಮತ್ತೆ ಬರುತ್ತಾರೆ?

ಅವರನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಪಕ್ಕದ ಊರಿನ ಒಬ್ಬರು. ತಾವೂ ಕುಡಿದು ಜಮೀನು ಕಳೆದುಕೊಂಡು, ಬಿಟ್ಟು ಒಂಬತ್ತು ವರ್ಷ ಆದವರು. ಯಾರೋ ಹೇಳಿದರು ಅಂತ ಬಂದರು. ಸಂಜೆ ಆರಕ್ಕೆ ಸರಿಯಾಗಿ ನಮ್ಮ ಮನೆ ಮುಂದೆ ಟಿವಿಎಸ್ ನಿಲ್ಲಿಸುತ್ತಿದ್ದರು. ಬುದ್ಧಿ ಹೇಳಲಿಲ್ಲ. "ಬಾರೋ, ಟೀ ಕುಡಿದು ಬರನ" ಅಂತ ಕರೆದುಕೊಂಡು ಹೋಗಿ ಎಂಟು ಗಂಟೆಗೆ ತಂದು ಬಿಡುತ್ತಿದ್ದರು. ನಾಲ್ಕು ತಿಂಗಳು, ಮಳೆ ಇದ್ದರೂ. ಒಂದು ದಿನ ನಾನು ಯಾಕಣ್ಣ ಇಷ್ಟು ಮಾಡ್ತೀರಿ ಅಂದೆ. "ನಂಗೂ ಆರು ಗಂಟೆ ಇನ್ನೂ ಕಷ್ಟಾನೇ ಕಣಮ್ಮ" ಅಂದರು. ಈಗ ನಮ್ಮ ಮನೆಯವರು ಬಿಟ್ಟು ಒಂದು ವರ್ಷ ನಾಲ್ಕು ತಿಂಗಳಾಯಿತು.

ಊರು ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದನ್ನು ನಾನು ಮೊದಲೇ ಒಂದು ಸಲ ನೋಡಿದ್ದೆ. ಹಿಂದೆ, ಕುಡಿತ ಇಷ್ಟು ಹಿಡಿದಿರದ ಕಾಲದಲ್ಲಿ, ಅವರು ಅಯ್ಯಪ್ಪನ ಮಾಲೆ ಹಾಕಿದ್ದರು. ಆ ದಿನಗಳಲ್ಲಿ ಯಾರೂ ಅವರನ್ನು ಹೆಸರಿಟ್ಟು ಕರೆಯಲಿಲ್ಲ, ಎಲ್ಲರೂ "ಸ್ವಾಮಿ" ಅಂದರು. ಕುಡಿಯುವ ಗೆಳೆಯರೇ ಬಾಟಲಿ ಮರೆಮಾಡಿ "ಸ್ವಾಮಿ, ನೀವು ಈ ಕಡೆ ಬರಬ್ಯಾಡಿ" ಅಂದರು. ಸಂಜೆಗೆ ಭಜನೆ ಇತ್ತು, ಜೊತೆಗೆ ಕೂರಲು ಜನ ಇದ್ದರು, ಪ್ರಸಾದ ಇತ್ತು. ಮಾಲೆ ತೆಗೆದ ವಾರವೇ ಎಲ್ಲ ಮೊದಲಿನಂತಾಯಿತು. ಅವರ ಮನಸ್ಸು ಗಟ್ಟಿ ಇರಲಿಲ್ಲ ಅಂತ ಅತ್ತೆ ಬೈದರು. ನನಗೆ ಹಾಗೆ ಅನ್ನಿಸುವುದಿಲ್ಲ. ಸುತ್ತ ನಿಂತಿದ್ದ ಜನ ಅದೇ ವಾರ ಪಕ್ಕಕ್ಕೆ ಸರಿದರು.

ಈಗ ಟಿಬಿ ರೋಗಿಗೆ ನಾವು ಏನು ಮಾಡುತ್ತೇವೆ ನೋಡಿ. ಕಫ ಪರೀಕ್ಷೆ ಆಗಿ ಹೆಸರು ನಿಕ್ಷಯ್‌ಗೆ, ಅಂದರೆ ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ಪಟ್ಟಿಗೆ, ಹತ್ತಿದ ದಿನದಿಂದ ಆರು ತಿಂಗಳು ಅವನನ್ನು ಬಿಡುವುದಿಲ್ಲ. ಮಾತ್ರೆ ಮನೆ ಬಾಗಿಲಿಗೆ ಬರುತ್ತದೆ. ನುಂಗಿದನಾ ಅಂತ ನಾನು ಹೋಗಿ ನೋಡುತ್ತೇನೆ. ಎರಡು ದಿನ ತಪ್ಪಿಸಿದರೆ ಟಿಬಿ ಮೇಲ್ವಿಚಾರಕರು ಬೈಕ್ ಹತ್ತಿ ಬರುತ್ತಾರೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಮೊದಲು 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಮನೆಯವರಿಗೂ ತಪಾಸಣೆ ಮಾಡುತ್ತೇವೆ. ಮಧ್ಯದಲ್ಲಿ ಮಾತ್ರೆ ಬಿಟ್ಟವನಿಗೆ "ನಿನಗೆ ಮನಸ್ಸು ಗಟ್ಟಿ ಇಲ್ಲ" ಅಂತ ಯಾರೂ ಬೈಯುವುದಿಲ್ಲ, ಮತ್ತೆ ಶುರುಮಾಡಿಸುತ್ತೇವೆ. ನನ್ನ ವ್ಯಾಪ್ತಿಯಲ್ಲಿ ಟಿಬಿ ಮಾತ್ರೆ ಮಧ್ಯದಲ್ಲಿ ಬಿಟ್ಟವರು ಮೂವರು. ಮೂವರೂ ಬಿಟ್ಟಿದ್ದು ಕುಡಿತದಿಂದಲೇ. ಒಂದು ರೋಗದ ಹಿಂದೆ ಇಡೀ ಇಲಾಖೆ ಓಡುತ್ತದೆ. ಇನ್ನೊಂದಕ್ಕೆ ಫಾರಂನಲ್ಲಿ ಒಂದು ಅಂಕ.

2019ರಲ್ಲಿ ಬಂದ ದೇಶದ ಸಮೀಕ್ಷೆಯನ್ನು ದೆಹಲಿಯ ಏಮ್ಸ್‌ನವರು ಮಾಡಿದ್ದರು. ಕುಡಿತದ ಚಟ ಹಿಡಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಅದರಲ್ಲಿದೆ. ಉಳಿದ 37 ಜನ ನಮ್ಮಂಥ ಊರುಗಳಲ್ಲೇ ಇದ್ದಾರೆ. ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲಿದೆ, ಧಾರವಾಡದಲ್ಲಿ ಅಂಥದ್ದೇ ಡಿಮ್ಹಾನ್ಸ್ ಇದೆ. ಜಿಲ್ಲೆಯ ಮಟ್ಟಕ್ಕೆ ಮನಸ್ಸಿನ ಚಿಕಿತ್ಸೆ ಒಯ್ಯುವುದನ್ನು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಬಳ್ಳಾರಿ, 1980ರ ದಶಕದಲ್ಲಿ. ನಮ್ಮ ಹತ್ತಿರ ತಿಳಿದವರಿಗೆ ಕೊರತೆ ಇಲ್ಲ. ಹಣಕ್ಕೂ ಇಲ್ಲ ಅಂತಲೇ ನನ್ನ ಭಾವನೆ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಸರ್ಕಾರ ಗುರಿ ಇಟ್ಟಿತ್ತು. ಅದರಲ್ಲಿ ನಮ್ಮ ಮನೆಯ ಪಾಲು ಎಷ್ಟಿರಬಹುದು ಅಂತ ನಾನು ಒಂದು ದಿನ ಲೆಕ್ಕ ಹಾಕಲು ಕೂತೆ, ಮುಗಿಸಲು ಆಗಲಿಲ್ಲ. ಆ ಹಣದಲ್ಲಿ ಒಂದು ಸಣ್ಣ ಭಾಗ ವಾಪಸ್ ನಮ್ಮ ಊರಿಗೆ, ಬಿಡಬೇಕು ಅನ್ನುವವರ ಮನೆಗೆ ಬರಲಿ ಎಂದು ಕೇಳುವುದು ತಪ್ಪಲ್ಲ ಅಲ್ವಾ?

ನಾನು ಕೇಳುವುದು ದೊಡ್ಡ ಕಟ್ಟಡ ಅಲ್ಲ ಸರ್. ಸಿ-ಬ್ಯಾಕ್ ಫಾರಂನಲ್ಲಿ "ಹೌದು" ಅಂದವರನ್ನು ಎಲ್ಲಿಗೆ ಕಳಿಸಬೇಕು, ಯಾರು ನೋಡಬೇಕು ಅಂತ ಒಂದು ದಾರಿ ಬರೆದುಕೊಡಿ. ಶಿಬಿರ, ಆಸ್ಪತ್ರೆ, ಖಾಸಗಿ ಕೇಂದ್ರ, ಎಲ್ಲಿಂದ ಬಂದರೂ ಸರಿ, ಅವರು ಒಪ್ಪಿದರೆ, ಗುಟ್ಟು ಕಾಪಾಡಿಕೊಂಡು, ಮೊದಲ ಆರು ತಿಂಗಳು ಟಿಬಿ ರೋಗಿಯ ಮನೆಗೆ ಹೋಗುವ ಹಾಗೆ ಅವರ ಮನೆಗೂ ನಮ್ಮನ್ನು ಕಳಿಸಿ. ಆ ಭೇಟಿಯಲ್ಲಿ ಹೆಂಡತಿ, ತಾಯಿ, ಮಕ್ಕಳ ಹತ್ತಿರವೂ ಮಾತಾಡುವುದು ಇರಲಿ. ಮತ್ತೆ ಕುಡಿದರೆ ಅದನ್ನು ಸೋಲು ಅಂತ ಬರೆಯದೆ, ಮತ್ತೆ ಮಂಗಳವಾರ ಕರೆದುಕೊಂಡು ಬನ್ನಿ ಅಂತ ಬರೆಯಿರಿ. ಇದನ್ನು ಸಂಬಳ ಇಲ್ಲದ ಇನ್ನೊಂದು ಕೆಲಸವಾಗಿ ನಮ್ಮ ಮೇಲೆ ಹೇರಬೇಡಿ. ನಮ್ಮ ಗೌರವಧನಕ್ಕಾಗಿ ನಾವು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತದ್ದು ನಿಮಗೆ ನೆನಪಿರುತ್ತದೆ. ಟಿಬಿಗೆ ಪ್ರೋತ್ಸಾಹಧನ ಇರುವ ಹಾಗೆ ಇದಕ್ಕೂ ಇರಲಿ, ಸರಿಯಾದ ತರಬೇತಿ ಇರಲಿ. ಟೀ ಕುಡಿಯೋಣ ಬಾ ಎಂದು ಕರೆದ ಆ ಅಣ್ಣನಂಥವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರನ್ನು ಹುಡುಕಿ, ತರಬೇತಿ ಕೊಟ್ಟು, ಪೆಟ್ರೋಲ್ ಖರ್ಚಾದರೂ ಕೊಡಿ. ಗೋವಾದಲ್ಲಿ ವೈದ್ಯರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜಾಸ್ತಿ ಕುಡಿಯುವ ಗಂಡಸರ ಜೊತೆ ಒಂದರಿಂದ ನಾಲ್ಕು ಸಲ ಕೂತು ಮಾತಾಡಿಸಿದರು. ಅದರಿಂದ ಉಪಯೋಗ ಆಗಿದ್ದು 2017ರಲ್ಲಿ ಪ್ರಕಟವಾಗಿದೆ ಎಂದು ನಮಗೆ ಪಾಠ ಮಾಡಿದ ಡಾಕ್ಟರು ಹೇಳಿದರು. ಅದು ಚಟ ಪೂರ್ತಿ ಹಿಡಿಯುವ ಮೊದಲಿನ ಹಂತದವರಿಗೆ. ನಮ್ಮೂರಲ್ಲಿ ಅಂಥ ಹಂತದಲ್ಲಿ ಇರುವ ಹುಡುಗರ ಹೆಸರು ಈಗಲೇ ಹೇಳಬಲ್ಲೆ, ಕೆಲವರು ಗಾಂಜಾಕ್ಕೂ ಹೋಗಿದ್ದಾರೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಮಾತ್ರೆ ಖಾಲಿ ಆಗದಿರಲಿ. ಎರಡು ಹಾಸಿಗೆಯಾದರೂ ಇದಕ್ಕೆ ಇರಲಿ, ಕುಡಿತ ನಿಲ್ಲಿಸಿದ ಮೊದಲ ಐದಾರು ದಿನಕ್ಕೆ. ನೋಂದಣಿ ಆಗಿರುವ ಖಾಸಗಿ ಕೇಂದ್ರಗಳ ಪಟ್ಟಿ ಪ್ರತಿ ಪಿಎಚ್‌ಸಿ ಗೋಡೆ ಮೇಲೆ ಕನ್ನಡದಲ್ಲಿ ಅಂಟಿಸಿ. ಅದನ್ನು ಅಂಟಿಸುವ ಕೆಲಸವನ್ನು ನಾನು ಪುಕ್ಕಟೆ ಮಾಡುತ್ತೇನೆ. ಅಬಕಾರಿ ಇಲಾಖೆಯವರಿಗೂ ನೀವೇ ಒಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಲೈಸೆನ್ಸ್ ಇರುವ ಅಂಗಡಿ ಇಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಬ್ರೆಡ್ಡು ಮಾರುವ ಗೂಡಂಗಡಿಯಲ್ಲೇ ಪ್ಯಾಕೆಟ್ ಸಿಗುತ್ತದೆ. ಬಿಟ್ಟವನು ಹಾಲು ತರಲು ಹೋಗುವುದೂ ಅಲ್ಲಿಗೇ.

ಕೊನೆಗೆ ಒಂದು ಕೋಣೆ. ಪಟ್ಟಣಗಳಲ್ಲಿ ಕುಡಿತ ಬಿಡಬೇಕು ಅನ್ನುವವರು ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ ನಡೆಯುತ್ತದೆ, ಫೀಸಿಲ್ಲ, ಹೆಸರು ಕೇಳುವುದಿಲ್ಲ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಸಭೆ ಇದೆ. ನಮ್ಮೂರಲ್ಲಿ ಹೆಸರು ಗೊತ್ತಿಲ್ಲದವರು ಯಾರೂ ಇಲ್ಲ, ಹಾಗಾಗಿ ಗುಟ್ಟಿನ ಸಭೆ ನಡೆಯುವುದಿಲ್ಲ. ಆದರೆ ಮಾಲೆ ಹಾಕಿದವರ ಭಜನೆಗೆ ಊರೆಲ್ಲ ಬರುತ್ತಿತ್ತಲ್ಲ, ಹಾಗೆ ಕೂರಲು ಒಂದು ಜಾಗ ಬೇಕು. ನಮ್ಮ ಉಪಕೇಂದ್ರದಲ್ಲಿ ಗುರುವಾರ ಲಸಿಕೆ ಇರುತ್ತದೆ, ಉಳಿದ ದಿನ ಸಂಜೆ ಬೀಗ. ಒಳಗೆ ಹದಿನಾಲ್ಕು ಕುರ್ಚಿ ಇವೆ, ಫ್ಯಾನ್ ಇದೆ. ಶುಕ್ರವಾರ ಆರರಿಂದ ಎಂಟು ಗಂಟೆವರೆಗೆ ಕೊಡಿ ಅಂತ ಸಿಸ್ಟರ್‌ನ ಕೇಳಿದ್ದೇನೆ. "ಮೇಲಿಂದ ಒಂದು ಲೆಟರ್ ಬಂದರೆ ಕೀಲಿ ಇವತ್ತೇ ಕೊಡ್ತೀನಿ" ಅಂದಿದ್ದಾರೆ. ಆ ಅಣ್ಣ ಬರಲು ಒಪ್ಪಿದ್ದಾರೆ. ಟೀ ಮಾಡುವುದು ನನ್ನ ಕೆಲಸ, ಲೋಟ ಜೋಡಿಸುವುದು ನಮ್ಮ ಮನೆಯವರದು. ಆ ಲೆಟರ್ ಕಳಿಸಿ ಸರ್.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಆಶಾ ಕಾರ್ಯಕರ್ತೆ,
ತುಮಕೂರು ಜಿಲ್ಲೆ